ತಲೆ ದಣಿಸದ ವಿಡಿಯೊ ಮೀಟಿಂಗ್: ಪರದೆ ವಿನ್ಯಾಸ ಮಾಡುವವರಿಗೆ

ನಾವು ಕಟ್ಟುತ್ತಿದ್ದ ವಿಡಿಯೊ ಮೀಟಿಂಗ್ ಆ್ಯಪ್ ಪರೀಕ್ಷೆಗೆ ಒಮ್ಮೆ ಒಬ್ಬರು ಟೀಚರ್ ಬಂದಿದ್ದರು. ಒಂದು ಗಂಟೆಯ ಪಾಠ. ಎಂಟು ಮಕ್ಕಳು ಬೇರೆ ಬೇರೆ ಕಡೆಯಿಂದ ಸೇರಿದ್ದರು. ನಾನು ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೆ. ಯಾವ ಬಟನ್ ಒತ್ತುತ್ತಾರೆ, ಎಲ್ಲಿ ತಡವರಿಸುತ್ತಾರೆ ಅಂತ ಬರೆದುಕೊಳ್ಳುವುದು ನನ್ನ ಕೆಲಸ. ಐದು ನಿಮಿಷ ಆಗುವಷ್ಟರಲ್ಲಿ ನನ್ನ ಗಮನ ಅವರ ಕೈ ಕಡೆ ಹೋಯಿತು. ಕಿವಿಯ ಹಿಂದೆ ಕೂದಲು ಸರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಸರಿಸಿಕೊಂಡರು. ಪ್ರತಿ ಸಲವೂ ನಾನು ಪುಟದ ಅಂಚಿನಲ್ಲಿ ಒಂದು ಗೆರೆ ಹಾಕುತ್ತಾ ಹೋದೆ. ಪಾಠ ಮುಗಿಯುವಾಗ ಅಂಚು ತುಂಬಿಹೋಗಿತ್ತು.

ಆಮೇಲೆ ಕೇಳಿದರೆ ಅವರಿಗೆ ಅದರ ಅರಿವೇ ಇರಲಿಲ್ಲ. "ಹೌದಾ ಮೇಡಂ? ನನಗೆ ಗೊತ್ತೇ ಆಗಲಿಲ್ಲ. ಆದರೆ ಕ್ಲಾಸಿನಲ್ಲಿ ನಾಲ್ಕು ಪೀರಿಯಡ್ ನಿಂತು ಪಾಠ ಮಾಡಿದರೂ ಇಷ್ಟು ಸುಸ್ತಾಗಲ್ಲ" ಅಂದರು.

ಪರದೆಯ ಬಲ ಮೂಲೆಯಲ್ಲಿ ಅವರದೇ ಮುಖದ ಪುಟ್ಟ ಚೌಕ ಒಂದಿತ್ತು. ಅದು ಬೇಕು ಅಂತ ಅವರು ಕೇಳಿರಲಿಲ್ಲ. ಅಲ್ಲಿಟ್ಟವರು ನಾವು.

ಅವತ್ತಿನಿಂದ ಯಾವ ಪರದೆ ನೋಡಿದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಎದುರು ಕೂತವರ ತಲೆಗೆ ಇದು ಯಾವ ಕೆಲಸ ಹಚ್ಚುತ್ತಿದೆ? ತನ್ನ ಮುಖ ಕಾಯುವುದು ಒಂದು ಕೆಲಸ. ಯಾರು ಮಾತಾಡುತ್ತಿದ್ದಾರೆ ಅಂತ ಹುಡುಕುವುದು ಒಂದು ಕೆಲಸ. ಮೈಕ್ ಆನ್ ಇದೆಯಾ ಅಂತ ಮತ್ತೆ ಮತ್ತೆ ನೋಡಿಕೊಳ್ಳುವುದು ಇನ್ನೊಂದು. ಒಂದೊಂದೂ ಸಣ್ಣದೇ. ದಿನಕ್ಕೆ ಐದು ಮೀಟಿಂಗ್ ಇರುವವರಿಗೆ ಎಲ್ಲ ಸೇರಿ ಹೊರೆಯಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಯ್ಕೆ ಇಟ್ಟಿದ್ದೇವಲ್ಲ ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಮೀಟಿಂಗ್ ನಡುವೆ ಸೆಟ್ಟಿಂಗ್ಸ್ ತೆರೆಯುವವರು ತೀರಾ ಕಡಿಮೆ. ನೀವು ಇಟ್ಟ ಡೀಫಾಲ್ಟ್, ಅಂದರೆ ಯಾರೂ ಬದಲಿಸದಿದ್ದರೆ ತಾನಾಗಿ ಉಳಿಯುವ ಆಯ್ಕೆ, ಏನಿದೆಯೋ ಅದೇ ಅವರ ಮೀಟಿಂಗ್.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಬರೆದ ಲೇಖನವೊಂದರಲ್ಲಿ ಈ ದಣಿವಿಗೆ ನಾಲ್ಕು ಕಾರಣ ಕೊಟ್ಟಿದ್ದಾರೆ. ತೀರಾ ಹತ್ತಿರದಿಂದ ದಿಟ್ಟಿಸುವ ಕಣ್ಣುಗಳು, ದಿನವಿಡೀ ಕಾಣುವ ತನ್ನದೇ ಮುಖ, ಕೂತಲ್ಲೇ ಕಟ್ಟಿಹಾಕುವ ಕ್ಯಾಮೆರಾ, ಮತ್ತೆ ಸನ್ನೆಗಳನ್ನು ಕಳಿಸುವುದಕ್ಕೂ ಓದುವುದಕ್ಕೂ ತಲೆ ಪಡುವ ಹೆಚ್ಚಿನ ಶ್ರಮ. ನಾಲ್ಕರ ಮೇಲೂ ವಿನ್ಯಾಸ ಮಾಡುವವರ ಕೈ ಇದೆ. ಹಾಗಾಗಿ ಸರಿಮಾಡುವುದೂ ನಮ್ಮ ಕೈಯಲ್ಲೇ ಇದೆ.

ಸ್ವಂತ ಮುಖದ ಚೌಕ

ನಿಮ್ಮ ಆ್ಯಪ್‌ನಲ್ಲಿ ಒಂದೇ ಒಂದು ಬದಲಾವಣೆಗೆ ಸಮಯ ಇದೆ ಅಂದರೆ ಇಲ್ಲಿಂದ ಶುರು ಮಾಡಿ.

ಎದುರಾಬದುರು ಮಾತಾಡುವಾಗ ನಮ್ಮ ಮುಖ ನಮಗೆ ಕಾಣುವುದಿಲ್ಲ. ಇಡೀ ದಿನ ಯಾರೋ ಒಬ್ಬರು ಕನ್ನಡಿ ಹಿಡಿದುಕೊಂಡು ನಿಮ್ಮ ಹಿಂದೆಯೇ ಓಡಾಡಿದರೆ ಹೇಗಿರುತ್ತದೆ, ಯೋಚಿಸಿ. ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ 2021ರ ಸ್ಟ್ಯಾನ್‌ಫರ್ಡ್ ಅಧ್ಯಯನದಲ್ಲಿ, ವಿಪರೀತ ದಣಿವಾಗುತ್ತದೆ ಅಂದ ಹೆಂಗಸರು ಶೇ. 13.8, ಗಂಡಸರು ಶೇ. 5.5. ಈ ಅಂತರಕ್ಕೆ ದೊಡ್ಡ ಕಾರಣವಾಗಿ ಸಂಶೋಧಕರಿಗೆ ಕಂಡಿದ್ದು ಈ ಕನ್ನಡಿಯೇ. ಆ ಟೀಚರ್ ಕೂದಲು ಸರಿಸಿಕೊಂಡಿದ್ದು ನನಗೆ ಅರ್ಥವಾಗಿದ್ದು ಈ ಅಂಕಿ ನೋಡಿದ ಮೇಲೆ.

ಹಾಗಂತ ಚೌಕವನ್ನು ಸುಮ್ನೆ ತೆಗೆದುಹಾಕಬೇಡಿ. ನಾವು ಹಾಗೇ ಮಾಡಿದೆವು. ಮುಂದಿನ ಪರೀಕ್ಷೆಗೆ ಬಂದವರು ಎರಡು ನಿಮಿಷಕ್ಕೊಮ್ಮೆ "ನಾನು ಕಾಣ್ತಾ ಇದ್ದೀನಾ?" ಅಂತ ಕೇಳತೊಡಗಿದರು. ಒಂದು ಆತಂಕ ತೆಗೆದು ಇನ್ನೊಂದನ್ನು ಕೂರಿಸಿದ ಹಾಗಾಯಿತು. ಜನ ಆ ಚೌಕ ನೋಡುವುದು ಬರೀ ಅಂದಕ್ಕಲ್ಲ ಅಂತ ಆಗ ತಿಳಿಯಿತು. ಅವರಿಗೆ ಮೂರು ವಿಷಯ ಖಾತ್ರಿಯಾಗಬೇಕು: ಕ್ಯಾಮೆರಾ ಆನ್ ಇದೆಯಾ, ಮುಖ ಚೌಕಟ್ಟಿನ ಒಳಗಿದೆಯಾ, ಹಿಂದೆ ಕಾಣಬಾರದ್ದೇನಾದರೂ ಕಾಣುತ್ತಿದೆಯಾ. ಈ ಮೂರಕ್ಕೂ ಬೇರೆ ದಾರಿಯಲ್ಲಿ ಉತ್ತರ ಕೊಟ್ಟರೆ ಕನ್ನಡಿ ಬೇಕಾಗುವುದಿಲ್ಲ.

ಈಗ ನಾವು ಮಾಡುವುದು ಹೀಗೆ. ಸೇರುವ ಮುಂಚಿನ ಪರದೆಯಲ್ಲಿ ಮುಖವನ್ನು ದೊಡ್ಡದಾಗಿ ತೋರಿಸುತ್ತೇವೆ. ಬೆಳಕು, ಹಿನ್ನೆಲೆ, ಕೂರುವ ಜಾಗ ಎಲ್ಲ ಅಲ್ಲೇ ಸರಿಮಾಡಿಕೊಳ್ಳಲಿ. ಮೀಟಿಂಗ್‌ಗೆ ಸೇರಿದ ಮೇಲೆ ಸುಮಾರು ಹತ್ತು ಸೆಕೆಂಡು ಚೌಕ ಮೂಲೆಯಲ್ಲಿ ಇರುತ್ತದೆ. ಆಮೇಲೆ ಮೆಲ್ಲಗೆ ಕರಗಿ, ಆ ಜಾಗದಲ್ಲಿ "ಕ್ಯಾಮೆರಾ ಆನ್" ಅನ್ನುವ ಸಣ್ಣ ಹಸಿರು ಗುರುತು ಉಳಿಯುತ್ತದೆ. ಈ ಗುರುತು ಯಾವ ಕಾರಣಕ್ಕೂ ಮಾಯವಾಗಬಾರದು. ಕ್ಯಾಮೆರಾ ಓಡುತ್ತಿರುವುದು ಗೊತ್ತಾಗದ ಹಾಗೆ ಮುಖ ಮುಚ್ಚಿಡುವುದು ನಂಬಿಕೆದ್ರೋಹ. ಗುರುತಿನ ಮೇಲೆ ಬೆರಳಿಟ್ಟು ಹಿಡಿದರೆ ಮುಖ ಕಾಣುತ್ತದೆ, ಬಿಟ್ಟರೆ ಹೋಗುತ್ತದೆ. ಮುಖ ಚೌಕಟ್ಟು ದಾಟಿ ಆಚೆ ಹೋದರೆ ಮಾತ್ರ ಚೌಕ ತಾನಾಗಿ ಎರಡು ಸೆಕೆಂಡು ಬಂದು ಹೋಗುತ್ತದೆ. ಇದಕ್ಕೆ ಬೇಕಾದ ಮುಖ ಗುರುತಿಸುವ ಕೆಲಸ ಬಳಸುವವರ ಸಾಧನದಲ್ಲೇ ನಡೆಯಬೇಕು, ಸರ್ವರ್‌ಗೆ ಹೋಗಬಾರದು. ಯಾರಾದರೂ ಚೌಕ ಯಾವಾಗಲೂ ಇರಲಿ ಅಂತ ಆರಿಸಿಕೊಂಡರೆ ಮುಂದಿನ ಮೀಟಿಂಗ್‌ಗೂ ಅದನ್ನು ನೆನಪಿಡಿ. ಸನ್ನೆ ಭಾಷೆಯಲ್ಲಿ ಮಾತಾಡುವವರಿಗೆ ತಮ್ಮ ಕೈ ಪೂರ್ತಿ ಕಾಣುತ್ತಿದೆಯಾ ಅಂತ ನೋಡಿಕೊಳ್ಳಲು ಅದು ಬೇಕೇ ಬೇಕು.

ಒಂದು ಸಣ್ಣ ತಾಂತ್ರಿಕ ಮಾತು. ತನ್ನ ಮುಖ ತೋರಿಸುವಾಗ ಕನ್ನಡಿಯ ಹಾಗೆ ಎಡ ಬಲ ತಿರುಗಿಸಿ ತೋರಿಸಬೇಕು, ಇಲ್ಲದಿದ್ದರೆ ಕೈ ಎತ್ತಿದರೂ ಗೊಂದಲವಾಗುತ್ತದೆ. ಆದರೆ ತಿರುಗಿಸುವುದು ಅವರ ಪರದೆಯ ವಿಡಿಯೊದಲ್ಲಿ ಮಾತ್ರ, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್ ಕೋಡ್‌ನಿಂದ ಮಾಡಿ. ಕಳಿಸುವ ಚಿತ್ರವನ್ನೇ ತಿರುಗಿಸಿಬಿಟ್ಟರೆ ಅವರು ಕೈಯಲ್ಲಿ ಹಿಡಿದು ತೋರಿಸುವ ಕಾಗದ ಎಲ್ಲರಿಗೂ ಉಲ್ಟಾ ಕಾಣುತ್ತದೆ.

ಕೇಳಿದಾಗ ಮಾತ್ರ ಮುಖ ತೋರಿಸುವ ಉಪಾಯ ಹೊಸದೇನಲ್ಲ. 1970ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಪಿಕ್ಚರ್‌ಫೋನ್ ಅನ್ನುವ ವಿಡಿಯೊ ಫೋನ್‌ನಲ್ಲಿ ತನ್ನನ್ನು ನೋಡಿಕೊಳ್ಳಲು ಬೇರೆಯೇ ಒಂದು ಬಟನ್ ಇತ್ತು.

ಎದುರಿನ ಮುಖ ಎಷ್ಟು ದೊಡ್ಡದಿರಬೇಕು

ಎಡ್ವರ್ಡ್ ಹಾಲ್ ಅನ್ನುವ ಮಾನವಶಾಸ್ತ್ರಜ್ಞ 1966ರಲ್ಲಿ ಜನ ಒಬ್ಬರಿಂದೊಬ್ಬರು ಕಾಯ್ದುಕೊಳ್ಳುವ ದೂರವನ್ನು ಅಳೆದು ಬರೆದರು. ಸುಮಾರು 45 ಸೆಂ.ಮೀ. ಒಳಗೆ ಬರಲು ಬಿಡುವುದು ತೀರಾ ಆಪ್ತರನ್ನು ಮಾತ್ರ. ಕೆಲಸದ ಮಾತುಕತೆ ಸುಮಾರು 1.2 ಮೀಟರ್ ಆಚೆ ನಡೆಯುತ್ತದೆ. ಅವರು ಇದನ್ನೆಲ್ಲ ನೋಡಿದ್ದು ಅಮೆರಿಕದಲ್ಲಿ, ಊರೂರಿಗೆ ಈ ಅಳತೆ ಬದಲಾಗುತ್ತದೆ. ಆದರೂ ಲೆಕ್ಕ ಶುರು ಮಾಡಲು ಸಾಕು.

ಒಂದು ಸ್ಕೇಲ್ ತೆಗೆದುಕೊಳ್ಳಿ. ದೊಡ್ಡವರ ತಲೆ ಗಲ್ಲದಿಂದ ನೆತ್ತಿವರೆಗೆ ಸುಮಾರು 23 ಸೆಂ.ಮೀ. ನೀವು ಲ್ಯಾಪ್‌ಟಾಪ್‌ನಿಂದ 50 ಸೆಂ.ಮೀ. ದೂರ ಕೂತಿದ್ದೀರಿ ಅಂದುಕೊಳ್ಳಿ. ಪರದೆಯ ಮೇಲಿನ ಮುಖ 1.2 ಮೀಟರ್ ದೂರದಲ್ಲಿ ಕೂತವರ ಮುಖದಷ್ಟೇ ಕಾಣಬೇಕಾದರೆ 23ನ್ನು 50ರಿಂದ ಗುಣಿಸಿ 120ರಿಂದ ಭಾಗಿಸಿ. 9.6 ಸೆಂ.ಮೀ. ಬರುತ್ತದೆ. ಈಗ ಒಂದು 27 ಇಂಚಿನ ಮಾನಿಟರ್ ನೋಡಿ. ಅದರ ಎತ್ತರ ಸುಮಾರು 33 ಸೆಂ.ಮೀ. ಇಬ್ಬರೇ ಇರುವ ಕರೆಯಲ್ಲಿ ವಿಡಿಯೊ ಇಡೀ ಪರದೆ ತುಂಬಿ, ಮುಖ ಅದರ ಮೂರನೇ ಎರಡು ಭಾಗ ಹಿಡಿದರೆ 22 ಸೆಂ.ಮೀ. ಅಂದರೆ ಒಬ್ಬ ಅಪರಿಚಿತ ಕಣ್ಣಿಗೆ ಕಣ್ಣು ಕೊಟ್ಟು, ಮೊಣಕೈ ತಾಕುವಷ್ಟು ಹತ್ತಿರ ಒಂದು ಗಂಟೆ ಕೂತ ಹಾಗೆ. ಮೈ ಬಿಗಿಯದೆ ಇರುತ್ತದಾ?

ಹಾಗಾಗಿ ಪರದೆ ಎಷ್ಟೇ ದೊಡ್ಡದಿರಲಿ, ವಿಡಿಯೊ ಚೌಕಕ್ಕೆ ಮೇಲ್ಮಿತಿ ಹಾಕಿ. ಸುತ್ತ ಖಾಲಿ ಜಾಗ ಉಳಿದರೆ ಉಳಿಯಲಿ. ಸಿಎಸ್‌ಎಸ್‌ನಲ್ಲಿ ಸೆಂಟಿಮೀಟರ್ ಅಂತ ಬರೆದರೆ ಪರದೆಯ ಮೇಲೆ ನಿಜವಾದ ಸೆಂಟಿಮೀಟರ್ ಬರುವುದಿಲ್ಲ, ಅದನ್ನು ನಂಬಬೇಡಿ. ಸಾಮಾನ್ಯ ಸಾಧನಗಳಲ್ಲಿ ಸ್ಕೇಲ್ ಹಿಡಿದೇ ಅಳೆದು ಮಿತಿ ನಿಗದಿ ಮಾಡಿ, ಎಳೆದು ಚಿಕ್ಕದು ದೊಡ್ಡದು ಮಾಡುವ ಅವಕಾಶವನ್ನೂ ಕೊಡಿ. ಸ್ಕ್ರೀನ್ ಶೇರ್ ನಿಲ್ಲಿಸಿದ ಕೂಡಲೇ ಮುಖವೊಂದು ದಿಢೀರನೆ ಇಡೀ ಪರದೆಗೆ ಬರುವುದನ್ನು ದಯವಿಟ್ಟು ತೆಗೆದುಬಿಡಿ. ನಮ್ಮ ಪರೀಕ್ಷೆಗಳಲ್ಲಿ ಜನ ಆಗ ಕುರ್ಚಿಯನ್ನು ಹಿಂದಕ್ಕೆ ತಳ್ಳಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಚೌಕ ಎಲ್ಲಿಡಬೇಕು ಅನ್ನುವುದೂ ಮುಖ್ಯ. ಮಿಲ್ಟನ್ ಚೆನ್ ಅನ್ನುವ ಸಂಶೋಧಕ 2002ರಲ್ಲಿ ತೋರಿಸಿದ ಪ್ರಕಾರ, ನೋಟ ಕ್ಯಾಮೆರಾಗಿಂತ ಸ್ವಲ್ಪ ಕೆಳಗೆ, ಸುಮಾರು 5 ಡಿಗ್ರಿ ಒಳಗೆ ಇದ್ದರೆ ಎದುರಿನವರಿಗೆ ತಮ್ಮನ್ನೇ ನೋಡಿದ ಹಾಗೆ ಅನಿಸುತ್ತದೆ. ಪಕ್ಕಕ್ಕೆ ಸರಿದರೆ ಬೇಗ ಗೊತ್ತಾಗುತ್ತದೆ. 60 ಸೆಂ.ಮೀ. ದೂರದಿಂದ 5 ಡಿಗ್ರಿ ಅಂದರೆ 5 ಸೆಂ.ಮೀ. ಆಸುಪಾಸು. ಹಾಗಾಗಿ ಮಾತಾಡುವವರ ಚೌಕ ಪರದೆಯ ಮೇಲ್ಭಾಗದ ನಡುವೆ, ಕ್ಯಾಮೆರಾ ಕೆಳಗೇ ಇರಲಿ. ಸ್ಕ್ರೀನ್ ಶೇರ್ ಮಾಡುವಾಗಲೂ ಮುಖಗಳ ಪಟ್ಟಿಯನ್ನು ಬಲಗಡೆಗೆ ತಳ್ಳದೆ ಮೇಲೆ ಇಡಿ.

ಜಾಗ ಬದಲಿಸುವ ಚೌಕಗಳು

ಕೋಣೆಯಲ್ಲಿ ಮೀಟಿಂಗ್ ನಡೆಯುವಾಗ ಯಾರೋ ಕೆಮ್ಮಿದರು ಅಂತ ಎಲ್ಲರೂ ಎದ್ದು ಕುರ್ಚಿ ಬದಲಿಸುವುದಿಲ್ಲ ಅಲ್ವಾ? ನಮ್ಮ ಮೊದಲ ಆವೃತ್ತಿ ಮಾಡುತ್ತಿದ್ದುದು ಇದನ್ನೇ. ಧ್ವನಿ ಬಂದ ಕಡೆ ಚೌಕ ಹಾರುತ್ತಿತ್ತು. ಬಾಗಿಲು ಬಡಿದ ಸದ್ದಿಗೂ ಹಾರುತ್ತಿತ್ತು. ನೋಡುವವರ ಕಣ್ಣು ಪ್ರತಿ ಸಲ ಹೊಸದಾಗಿ ಹುಡುಕಬೇಕು.

ಮೊದಲ ನಿಯಮ: ಮಾತಾಡುವವರನ್ನು ಗುರುತಿಸಲು ಚೌಕದ ಅಂಚನ್ನು ಬೆಳಗಿಸಿ, ಚೌಕವನ್ನು ಸರಿಸಬೇಡಿ. ಸರಿಸಲೇಬೇಕಾದ ವಿನ್ಯಾಸವಾದರೆ, ಒಬ್ಬರು ಬಿಡದೆ ಎರಡು ಸೆಕೆಂಡಾದರೂ ಮಾತಾಡಿದ ಮೇಲೆ ಮುಂದೆ ತನ್ನಿ, ತಂದ ಮೇಲೆ ಕೆಲವು ಸೆಕೆಂಡು ಅಲ್ಲೇ ಉಳಿಸಿ. ಎರಡು ಸೆಕೆಂಡು ನಮಗೆ ಒಗ್ಗಿದ ಅಳತೆ, ನಿಮ್ಮಲ್ಲಿ ಪರೀಕ್ಷಿಸಿ ನೋಡಿ.

ಯಾರಾದರೂ ಹೊರಟುಹೋದರೆ ಉಳಿದವರೆಲ್ಲ ತಕ್ಷಣ ಒತ್ತರಿಸಿ ಕೂರುವುದು ಬೇಡ. ಖಾಲಿ ಜಾಗ ಸ್ವಲ್ಪ ಹೊತ್ತು ಹಾಗೇ ಇರಲಿ. ಎಷ್ಟೋ ಸಲ ನೆಟ್ ಹೋಗಿ ಅವರೇ ವಾಪಸ್ ಬಂದಿರುತ್ತಾರೆ. ಇನ್ನೊಂದು ವಿಷಯ, ಎಲ್ಲರ ಪರದೆಯಲ್ಲೂ ಒಂದೇ ಕ್ರಮ ಇರಲಿ. ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ 2020ರ ಜುಲೈನಲ್ಲಿ ಬಂದ ಟುಗೆದರ್ ಮೋಡ್ ಎಲ್ಲರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸಿದ ಹಾಗೆ ತೋರಿಸುತ್ತದೆ. ಆ ಚಿತ್ರದ ಹಿನ್ನೆಲೆ ನನಗೆ ಅಷ್ಟು ಮುಖ್ಯ ಅನಿಸುವುದಿಲ್ಲ. ನನಗೆ ಹಿಡಿಸಿದ್ದು, ಯಾರ ಪಕ್ಕ ಯಾರು ಅನ್ನುವುದು ಎಲ್ಲರಿಗೂ ಒಂದೇ ಆಗಿರುವುದು. ಆಗ ಸುತ್ತಿನಲ್ಲಿ ಮಾತಾಡುವಾಗ ಮುಂದೆ ಯಾರ ಸರದಿ ಅಂತ ಕೇಳಬೇಕಾಗುವುದಿಲ್ಲ.

ಬಳಸುವವರು ತಮ್ಮ ಸಾಧನದಲ್ಲಿ ಚಲನೆ ಕಡಿಮೆ ಮಾಡಿ ಅಂತ ಸೆಟ್ ಮಾಡಿದ್ದರೆ ಅದನ್ನು ಗೌರವಿಸಿ. ಹಾರುವ ಎಮೋಜಿಗಳೂ ಅದರಲ್ಲಿ ಸೇರಿದವು.

ಧ್ವನಿಗೆ ಮೊದಲ ಪಾಲು

ಪರದೆ ವಿನ್ಯಾಸ ಮಾಡುವವರು ಧ್ವನಿಯನ್ನು ಎಂಜಿನಿಯರ್‌ಗಳಿಗೆ ಬಿಟ್ಟುಬಿಡುತ್ತಾರೆ. ನಾನೂ ಬಹಳ ದಿನ ಹಾಗೇ ಇದ್ದೆ. ದಣಿವಿನ ಮಟ್ಟಿಗೆ ನೋಡಿದರೆ ಮುಖಕ್ಕಿಂತ ಧ್ವನಿಯೇ ಜಾಸ್ತಿ ಮುಖ್ಯ ಅಂತ ಈಗ ನಂಬುತ್ತೇನೆ.

ಹತ್ತು ಭಾಷೆಗಳ ಮಾತುಕತೆ ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಒಬ್ಬರ ಪ್ರಶ್ನೆ ಮುಗಿದು ಇನ್ನೊಬ್ಬರ ಉತ್ತರ ಶುರುವಾಗುವ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡ್ ಅನ್ನುತ್ತದೆ. ಕಣ್ಣು ರೆಪ್ಪೆ ಮಿಟುಕಿಸುವಷ್ಟು ಹೊತ್ತು. ಧ್ವನಿ ತಲುಪಲು ಅದಕ್ಕಿಂತ ತಡವಾದರೆ ಮಾತಿಗೆ ಮಾತು ಡಿಕ್ಕಿ ಹೊಡೆಯುತ್ತದೆ. "ನೀವು ಹೇಳಿ", "ಇಲ್ಲ, ನೀವೇ ಹೇಳಿ" ಅನ್ನುವ ಆಟ ಶುರುವಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು, ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿದ್ದರೆ ಒಳ್ಳೆಯದು, 400 ದಾಟಬಾರದು ಅನ್ನುತ್ತದೆ. ಇನ್ನೂ ಬೇಸರದ ಸಂಗತಿ ಒಂದಿದೆ. 2014ರ ಒಂದು ಸಂಶೋಧನೆಯಲ್ಲಿ, ಧ್ವನಿ 1.2 ಸೆಕೆಂಡ್‌ನಷ್ಟು ತಡವಾದಾಗ ಜನ ಅದನ್ನು ಲೈನಿನ ತಪ್ಪು ಅಂದುಕೊಳ್ಳಲಿಲ್ಲ. ಎದುರಿನವರಿಗೆ ಗಮನ ಕಡಿಮೆ, ಸ್ನೇಹ ಕಡಿಮೆ ಅಂದುಕೊಂಡರು.

ಇದನ್ನು ಓದಿದ ಮೇಲೆ ನಾವು ಒಂದು ಸಾಲು ಸೇರಿಸಿದೆವು. ಯಾರ ನೆಟ್ ನಿಧಾನವಾಗಿದೆಯೋ ಅವರ ಚೌಕದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, "ಧ್ವನಿ ತಡವಾಗಿ ತಲುಪುತ್ತಿದೆ" ಅಂತ ಬರುತ್ತದೆ. ಆಗ ಉಳಿದವರು ಒಂದು ಕ್ಷಣ ಜಾಸ್ತಿ ಕಾಯುತ್ತಾರೆ. ನಿಧಾನವಾಗಿ ಉತ್ತರಿಸಿದವರು ಸುಮ್ನೆ ಅಪವಾದ ಹೊರಬೇಕಾಗುವುದಿಲ್ಲ.

ನೆಟ್ ಕುಸಿದಾಗ ಮೊದಲು ವಿಡಿಯೊದ ಗುಣಮಟ್ಟ ಇಳಿಸಿ, ಆಮೇಲೆ ವಿಡಿಯೊ ನಿಲ್ಲಿಸಿ, ಧ್ವನಿಯನ್ನು ಕೊನೆಯವರೆಗೂ ಕಾಪಾಡಿ. ಮುಖ ಮಸುಕಾದರೆ ಸಹಿಸಬಹುದು. ತುಂಡು ತುಂಡಾದ ಮಾತನ್ನು ಜೋಡಿಸಿ ಅರ್ಥ ಮಾಡಿಕೊಳ್ಳುವುದು ತಲೆನೋವು.

ಇನ್ನು ಹೂಂಗುಟ್ಟುವುದು. ಕತೆ ಹೇಳುವವರಿಗೆ ಹೂಂಗುಟ್ಟುವವರು ಬೇಕು. ಫೋನಿನಲ್ಲಿ ನೀವು ಎರಡು ನಿಮಿಷ ಹೂಂ ಅನ್ನದಿದ್ದರೆ ಆ ಕಡೆಯವರು "ಇದ್ದೀರಾ?" ಅಂತ ಕೇಳುತ್ತಾರೆ. ವಿಡಿಯೊ ಮೀಟಿಂಗ್‌ನಲ್ಲಿ ಎಲ್ಲರನ್ನೂ ಮ್ಯೂಟ್ ಮಾಡಿ ಕೂರಿಸುತ್ತೇವೆ. ಮ್ಯೂಟ್ ಇಲ್ಲದಿದ್ದರೂ ಸದ್ದು ಅಡಗಿಸುವ ತಂತ್ರಾಂಶ ಎಷ್ಟೋ ಸಲ ಸಣ್ಣ ಹೂಂ ಅನ್ನು ನುಂಗಿಹಾಕುತ್ತದೆ. ಮಾತಾಡುವವರು ಗೋಡೆಗೆ ಹೇಳಿದ ಹಾಗೆ ಹೇಳುತ್ತಾ, ಯಾರಾದರೂ ಕೇಳುತ್ತಿದ್ದಾರಾ ಅಂತ ಇಪ್ಪತ್ತು ಮುಖ ಹುಡುಕುತ್ತಾರೆ. ನಾಲ್ಕೈದು ಜನರ ಮೀಟಿಂಗ್‌ನಲ್ಲಿ ಡೀಫಾಲ್ಟ್ ಆಗಿ ಮ್ಯೂಟ್ ಮಾಡಬೇಡಿ. ದೊಡ್ಡ ಮೀಟಿಂಗ್‌ಗೆ ಒಂದೇ ಒತ್ತಿನಲ್ಲಿ, ಸದ್ದಿಲ್ಲದೆ "ಹೂಂ" ಕಳಿಸುವ ದಾರಿ ಕೊಡಿ. ಅದು ಮಾತಾಡುವವರ ಚೌಕದ ಬಳಿ ಮೆಲ್ಲಗೆ ಮೂಡಿ ಹೋಗಲಿ. ಲೆಕ್ಕ ತೋರಿಸಬೇಡಿ. ಎಷ್ಟು ಜನ ಹೂಂ ಅಂದರು ಅಂತ ಎಣಿಸತೊಡಗಿದರೆ ಅದೇ ಹೊಸ ಪರೀಕ್ಷೆಯಾಗುತ್ತದೆ.

ಮ್ಯೂಟ್ ಬಟನ್ ಬಗ್ಗೆಯೂ ಹೇಳಬೇಕು. ಮೈಕ್ ಮೇಲೆ ಅಡ್ಡಗೆರೆ. ಇದರ ಅರ್ಥ ಈಗ ಮೈಕ್ ಆಫ್ ಇದೆ ಅಂತಲೋ, ಒತ್ತಿದರೆ ಆಫ್ ಆಗುತ್ತದೆ ಅಂತಲೋ? ಪ್ರತಿ ಸಲ ಒಂದು ಚಣ ಯೋಚಿಸಬೇಕು. ನಾವು ಚಿತ್ರದ ಕೆಳಗೆ "ಮೈಕ್ ಆಫ್ ಇದೆ" ಅಂತ ಬರೆದೆವು. ಅಷ್ಟೇ. ಚಿತ್ರ, ಬಣ್ಣ, ಪದ ಮೂರೂ ಈಗಿನ ಸ್ಥಿತಿಯನ್ನೇ ಹೇಳಬೇಕು. ಜತೆಗೆ ಮೈಕ್ ಆಫ್ ಇದ್ದಾಗ ಮಾತಾಡಿದರೆ ತಕ್ಷಣ, ಮಾತಾಡುವವರಿಗೆ ಮಾತ್ರ ತಿಳಿಸಿ. ನಾಲ್ಕು ವಾಕ್ಯ ಹೇಳಿದ ಮೇಲೆ ಇನ್ನೊಬ್ಬರಿಂದ "ಮ್ಯೂಟ್‌ನಲ್ಲಿದ್ದೀರಿ" ಅಂತ ಕೇಳಿಸಿಕೊಂಡು ಮೊದಲಿಂದ ಹೇಳುವುದಿದೆಯಲ್ಲ, ಅದರಲ್ಲಿ ಹೋಗುವ ಉತ್ಸಾಹ ವಾಪಸ್ ಬರುವುದಿಲ್ಲ.

ಕ್ಯಾಮೆರಾ ಆಫ್ ಮಾಡುವ ಹಕ್ಕು

2021ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 103 ಉದ್ಯೋಗಿಗಳನ್ನು ನಾಲ್ಕು ವಾರ ಗಮನಿಸಿತು. ಕ್ಯಾಮೆರಾ ಆನ್ ಇದ್ದ ದಿನಗಳಲ್ಲಿ ದಣಿವು ಹೆಚ್ಚಿತ್ತು. ದಣಿದ ದಿನ ಮೀಟಿಂಗ್‌ನಲ್ಲಿ ಮಾತಾಡುವುದೂ ಕಡಿಮೆಯಾಗಿತ್ತು. ಹೆಂಗಸರಿಗೆ, ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಪರಿಣಾಮ ಇನ್ನೂ ಜಾಸ್ತಿ. ಕ್ಯಾಮೆರಾ ಆನ್ ಇದ್ದರೆ ಜನ ಹೆಚ್ಚು ತೊಡಗಿಕೊಳ್ಳುತ್ತಾರೆ ಅಂತ ವಾದಿಸುವ ಮ್ಯಾನೇಜರ್‌ಗಳಿಗೆ ನಾನು ಇದನ್ನೇ ತೋರಿಸುತ್ತೇನೆ.

ಬಹಳಷ್ಟು ಪರದೆಗಳು ಕ್ಯಾಮೆರಾ ಆಫ್ ಮಾಡಿದವರನ್ನು ಶಿಕ್ಷಿಸುತ್ತವೆ. ಕಪ್ಪು ಚೌಕ, ಬೂದು ಅಕ್ಷರ, ಪಟ್ಟಿಯ ಕೊನೆಗೆ ಜಾಗ. ಹಾಗೆ ಮಾಡಬೇಡಿ. ಅವರ ಚೌಕವೂ ಅಷ್ಟೇ ದೊಡ್ಡದಿರಲಿ, ಅದೇ ಜಾಗದಲ್ಲಿರಲಿ. ಅವರು ಇಟ್ಟುಕೊಂಡ ಫೋಟೊ, ಓದಲು ಬರುವ ಹೆಸರು, ಮಾತಾಡುವಾಗ ಬೆಳಗುವ ಅಂಚು, ಇಷ್ಟಿದ್ದರೆ ಅವರು ಮೀಟಿಂಗ್‌ನಲ್ಲಿ ಇದ್ದಾರೆ ಅಂತ ಗೊತ್ತಾಗುತ್ತದೆ. "ಇಂಥವರು ಕ್ಯಾಮೆರಾ ಆಫ್ ಮಾಡಿದರು" ಅಂತ ಎಲ್ಲರಿಗೂ ಸಾರುವ ಸೂಚನೆ ಇದ್ದರೆ ಇವತ್ತೇ ತೆಗೆಯಿರಿ.

ನಮ್ಮ ಆ್ಯಪ್‌ನಲ್ಲಿ ನನಗೆ ತುಂಬ ಇಷ್ಟವಾದ ಬಟನ್ ಒಂದಿದೆ: "ಹತ್ತು ನಿಮಿಷ ಬರೀ ಮಾತು". ಯಾರು ಬೇಕಾದರೂ ಕೇಳಬಹುದು, ನಡೆಸುವವರು ಒಪ್ಪಿದರೆ ಎಲ್ಲರ ಕ್ಯಾಮೆರಾ ಒಟ್ಟಿಗೆ ಆಫ್. ಯಾರೊಬ್ಬರೂ ಬೇರೆಯಾಗಿ ಕಾಣುವುದಿಲ್ಲ. ಎದ್ದು ಬೆನ್ನು ನೆಟ್ಟಗೆ ಮಾಡಬಹುದು, ಕೋಣೆಯಲ್ಲಿ ಅಡ್ಡಾಡಬಹುದು. ಹತ್ತು ನಿಮಿಷ ಮುಗಿದಾಗ ಕ್ಯಾಮೆರಾಗಳು ತಾವಾಗಿ ಆನ್ ಆಗುವುದಿಲ್ಲ. ಅದನ್ನು ಮಾತ್ರ ಅವರವರೇ ಒತ್ತಬೇಕು.

ಎರಡು ಮೀಟಿಂಗ್‌ಗಳ ನಡುವೆ

ಇದು ಸುಲಭದ್ದು, ಬೇಗ ಮುಗಿಸುತ್ತೇನೆ. ಡೀಫಾಲ್ಟ್ ಅವಧಿ 30ರ ಬದಲು 25 ನಿಮಿಷ, 60ರ ಬದಲು 50 ನಿಮಿಷ ಇಡಿ. ಮೈಕ್ರೋಸಾಫ್ಟ್ 2021ರಲ್ಲಿ 14 ಜನರ ಮೆದುಳಿನ ಅಲೆಗಳನ್ನು ಅಳೆಯಿತು. ಅರ್ಧ ಗಂಟೆಯ ನಾಲ್ಕು ಮೀಟಿಂಗ್ ಒಂದರ ಹಿಂದೆ ಒಂದು ನಡೆದಾಗ ಒತ್ತಡ ಏರುತ್ತಾ ಹೋಯಿತು, ನಡುವೆ ಹತ್ತು ನಿಮಿಷ ಬಿಡುವು ಕೊಟ್ಟಾಗ ಏರಲಿಲ್ಲ. ಅಧ್ಯಯನ ಚಿಕ್ಕದೇ, ಆದರೆ ಅವಧಿ ಬದಲಿಸಲು ನಮಗೆ ಬೇಕಾಗಿದ್ದು ಒಂದೇ ಸಾಲು ಕೋಡ್.

ದಣಿವನ್ನು ಅಳೆಯುವುದು

ಐದು ನಿಮಿಷದ ಡೆಮೊದಲ್ಲಿ ದಣಿವು ಕಾಣುವುದಿಲ್ಲ. ನಿಜವಾದ ಮೀಟಿಂಗ್‌ನಲ್ಲಿ, ಕನಿಷ್ಠ 40 ನಿಮಿಷ ಕಳೆದ ಮೇಲೆ ನೋಡಿ. ಸಾಧ್ಯವಾದರೆ ಅವರ ದಿನದ ಕೊನೆಯ ಮೀಟಿಂಗ್ ಆರಿಸಿಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಯಾವ ಪರದೆಯೂ ಚೆನ್ನಾಗೇ ಇರುತ್ತದೆ.

ಕೇಳಲು ಪ್ರಶ್ನೆಗಳು ಬೇಕಾದರೆ ಸ್ಟ್ಯಾನ್‌ಫರ್ಡ್‌ನವರ ಜೆಡ್‌ಇಎಫ್ ಮಾಪಕ ಇದೆ, ವಿಡಿಯೊ ಮೀಟಿಂಗ್ ದಣಿವು ಅಳೆಯುವ ಪ್ರಶ್ನೆಪಟ್ಟಿ. 15 ಪ್ರಶ್ನೆ, ಐದು ಬಗೆಯ ದಣಿವು: ಒಟ್ಟಾರೆ, ಕಣ್ಣಿನದು, ಜನರ ಜತೆ ಬೆರೆಯುವುದರದು, ಏನನ್ನೂ ಶುರು ಮಾಡಲು ಮನಸ್ಸಾಗದ್ದು, ಮನಸ್ಸೇ ಬರಿದಾದದ್ದು. ಬದಲಾವಣೆಗೆ ಮುಂಚೆ ಒಮ್ಮೆ, ಎರಡು ವಾರ ಬಳಸಿದ ಮೇಲೆ ಒಮ್ಮೆ ಕೇಳಿ. ಕ್ಯಾಮೆರಾದಿಂದ ಮುಖ ಓದಿ ದಣಿವು ಅಳೆಯುವ ಉಪಾಯವನ್ನು ಯಾರಾದರೂ ತಂದರೆ ಬೇಡ ಅನ್ನಿ. ಕಾಯುತ್ತಿರುವ ಕಣ್ಣು ಇನ್ನೊಂದು ಸೇರಿತು ಅಷ್ಟೇ.

ಪ್ರಶ್ನೆಗಳ ಜತೆಗೆ ಕೈಗಳನ್ನೂ ನೋಡಿ. ಕೂದಲು, ಕಾಲರ್, ಕನ್ನಡಕ, ಮೌಸ್ ಹಿಡಿದು ಮ್ಯೂಟ್ ಬಟನ್ ಮೇಲೇ ಕಾಯುವ ಬೆರಳು. ಚೌಕ ಕರಗಿಸುವ ಆವೃತ್ತಿ ಸಿದ್ಧವಾದಾಗ ಅದೇ ಟೀಚರನ್ನು ಮತ್ತೆ ಕರೆದೆವು. ಅದೇ ನೋಟ್‌ಬುಕ್ ತೆಗೆದುಕೊಂಡು ಹೋಗಿದ್ದೆ. ಮೊದಲ ಕಾಲು ಗಂಟೆಯಲ್ಲಿ ಅಂಚಿನಲ್ಲಿ ಮೂರು ಗೆರೆ ಬಿದ್ದವು. ಆಮೇಲೆ ಅವರು ಒಂದು ಲೆಕ್ಕ ಬಿಡಿಸುತ್ತಾ ಮೇಜಿನ ಮೇಲೆ ಕೈ ಊರಿ ಮುಂದಕ್ಕೆ ಬಾಗಿದರು, ಒಂದು ಮಗುವಿನ ಹೆಸರು ಕೂಗಿ "ನೀನು ಹೇಳು, ಮುಂದೇನು?" ಅಂದರು. ಕೂದಲು ಮುಖದ ಮೇಲೆ ಇಳಿದಿತ್ತು. ಪಾಠ ಮುಗಿಯುವವರೆಗೂ ಅದು ಹಾಗೇ ಇತ್ತು.